ಅಪ್ಪನ ಬಸ್ಸಿನಲ್ಲಿ ಕ್ಯಾಲ್ಕ್ಯುಲಸ್

ಪರೀಕ್ಷೆ ಬರೆದು ಹೊರಗೆ ಬಂದವನು 'ಚೆನ್ನಾಗಿ ಆಯಿತು' ಎಂದು ಹೇಳಬಾರದು. ನಮ್ಮ ಕಡೆಯ ಕಾಲೇಜು ಹುಡುಗರು ಯಾರೂ ಕಲಿಸದೆಯೇ ಪಾಲಿಸುತ್ತಿದ್ದ ಪದ್ಧತಿ ಇದು. ಹಾಗೆ ಹೇಳಿದವನಿಗೆ ದೃಷ್ಟಿಯಾಗುತ್ತದೆ, ಮೇಲೆ ಸೊಕ್ಕಿನವನೆಂಬ ಹೆಸರೂ ಬರುತ್ತದೆ. ಆದ್ದರಿಂದ ತರಗತಿಗೆ ಮೊದಲಿಗನಾಗುವವನೂ ಗೇಟು ದಾಟುತ್ತಲೇ ತಲೆಯ ಮೇಲೆ ಕೈ ಹೊತ್ತು "ಹೋತಲೇ, ಪೂರಾ ಹೋತು" ಎನ್ನಬೇಕು. ಅವನ ಹಿಂದೆ ಬಂದವನು "ನಂದಂತೂ ಗೋತಾನ" ಎನ್ನಬೇಕು. ಗೋತಾ ಹೊಡೆಯುವುದೆಂದರೆ ನಪಾಸಾಗುವುದು. ಊಟದ ಪಂಕ್ತಿಯಲ್ಲಿ ಎರಡು ಸಲ ಬೇಡ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದು, ಆಮೇಲೆ ಹೋಳಿಗೆ ಹಾಕಿಸಿಕೊಳ್ಳುತ್ತೇವಲ್ಲ, ಅಂಥದೇ ಒಂದು ಮರ್ಯಾದೆ ಇದು. ಹುಡುಗರಿಗೆಲ್ಲ ಇದು ಗೊತ್ತಿತ್ತು. ನನ್ನ ಅಪ್ಪನಿಗೆ ಗೊತ್ತಿರಲಿಲ್ಲ.

ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ರಾಮದುರ್ಗದಿಂದ ಹೊರಟು ಮುನವಳ್ಳಿ, ಸವದತ್ತಿಗಳ ಮೇಲೆ ಹಾಯ್ದು ಬೈಲಹೊಂಗಲಕ್ಕೆ ಬಂದು ಮತ್ತೆ ಅದೇ ದಾರಿಯಲ್ಲಿ ಹಿಂದಿರುಗುವ ಗಾಡಿ ಅವನದು. ನಮ್ಮ ಮನೆ ಸವದತ್ತಿಯಲ್ಲಿ. ನಾನು ಬೈಲಹೊಂಗಲದಲ್ಲಿ ಒಂದು ಖೋಲಿ ಹಿಡಿದುಕೊಂಡು ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಮ್ಮ ಸುತ್ತಲಿನ ಊರುಗಳಿಂದ ವಿಜ್ಞಾನ ಓದಲು ಬರುತ್ತಿದ್ದ ಹುಡುಗರನ್ನು ಒಂದೇ ಬಸ್ಸಿನಲ್ಲಿ ಕೂಡಿಸಬಹುದಾಗಿತ್ತು. ನಿಜವಾಗಿಯೂ ಕೂಡಿಸುತ್ತಿದ್ದವನು ನನ್ನ ಅಪ್ಪ.

ನಮ್ಮದು ಪೂಜೆ, ಪಂಚಾಂಗಗಳ ಮನೆತನ. ಅಜ್ಜ ಕೊನೆಯವರೆಗೂ ಓಣಿಯ ಗುಡಿಯ ಪೂಜೆ ಬಿಡಲಿಲ್ಲ. ಹಿರಿಯ ಮಗ ಮಂತ್ರ ಬಿಟ್ಟು ಖಾಕಿ ತೊಟ್ಟು, ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು, ಹತ್ತೂರಿನ ಮಂದಿಯ ನಡುವೆ ಮೈ ತಿಕ್ಕಿಕೊಂಡು ನಿಲ್ಲುತ್ತಾನೆಂಬುದು ಅಜ್ಜನಿಗೆ ನುಂಗಲಾರದ ತುತ್ತಾಗಿತ್ತು. ಮನೆಗೆ ಬಂದವರ ಮುಂದೆ "ನಮ್ಮಂವಾ ಸರ್ಕಾರಿ ನೌಕರಿಯೊಳಗ ಇದ್ದಾನ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದ. ಅಪ್ಪನಿಗೆ ಇದು ಗೊತ್ತಿತ್ತು. ಅಜ್ಜನಿಗೆ ತಿರುಗಿ ಹೇಳಲು ಅವನ ಹತ್ತಿರ ಇದ್ದದ್ದು ಎರಡೇ: ಆ ದಾರಿಯಲ್ಲಿ ಅವನು ಗಳಿಸಿದ್ದ ಹೆಸರು, ಮತ್ತು ಕಾಲೇಜು ಓದುತ್ತಿದ್ದ ನಾನು. ಆ ಬೇಸಿಗೆ ನಾನು ಆ ಎರಡನ್ನೂ ಒಟ್ಟಿಗೇ ಕಳೆಯುವವನಿದ್ದೆ.

ಅವನ ಹೆಸರು ಏತರದೆಂದರೆ, ಅವನು ಎಲ್ಲರ ಮಾತನ್ನೂ ನಂಬುತ್ತಿದ್ದ. ಕಂಕುಳಲ್ಲಿ ಹುಡುಗನನ್ನು ಎತ್ತಿಕೊಂಡ ಹೆಣ್ಣುಮಗಳು, ಹುಡುಗನ ಕಾಲು ಅವಳ ಮೊಳಕಾಲಿಗೆ ತಾಗುತ್ತಿದ್ದರೂ, "ಇನ್ನಾ ಮೂರು ತುಂಬಿಲ್ಲರಿ" ಎಂದರೆ ಅಪ್ಪ ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಬಸ್ಸಿನ ಟಪ್ಪಿನ ಮೇಲೆ ಏರಿಸಿದ ಗಂಟಿನಲ್ಲಿ ಏನಿದೆ ಎಂದು ಕೇಳಿ, "ಬರೇ ಹಾಸಗಿರಿ" ಎಂಬ ಉತ್ತರ ಬಂದರೆ ಮುಟ್ಟಿ ನೋಡುತ್ತಿರಲಿಲ್ಲ. ತಪಾಸಣೆಯವರು ಬಂದು ಬೈದಾಗ ಅವನದು ಒಂದೇ ಮಾತು: "ಮಂದಿ ಸುಳ್ಳ್ಯಾಕ ಹೇಳ್ತಾರ್ರೀ?" ಅದು ಪ್ರಶ್ನೆಯಲ್ಲ. ಅವನಿಗೆ ನಿಜವಾಗಿಯೂ ಅದಕ್ಕೆ ಕಾರಣ ಹೊಳೆಯುತ್ತಿರಲಿಲ್ಲ. ಹೀಗೆ ನಂಬುವವನಿಗೆ ಮೋಸ ಮಾಡುವವರು ಬಹಳ ಇರುತ್ತಾರೆಂದು ನೀವು ಅಂದುಕೊಳ್ಳಬಹುದು. ಕೆಲವರು ಇದ್ದರು. ಆದರೆ ಬಹಳ ಮಂದಿ ಅವನ ಮುಂದೆ ಸುಳ್ಳು ಹೇಳಲು ನಾಚುತ್ತಿದ್ದರು. ಹುಡುಗನಿಗೆ ಮೂರು ತುಂಬಿದ ದಿನದಿಂದ ತಾವೇ ಕೇಳಿ ಅರ್ಧ ಟಿಕೆಟ್ ತೆಗೆಸಿದ ತಾಯಂದಿರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ಕ್ಯಾಲ್ಕ್ಯುಲಸ್ ವಿಷಯ. ಹೈಸ್ಕೂಲಿನವರೆಗೆ ಕನ್ನಡದಲ್ಲಿ ಲೆಕ್ಕ ಮಾಡಿದ ನಾನು ಗಣಿತದಲ್ಲಿ ಹುಷಾರು ಎಂದೇ ಹೆಸರಾದವನು. ಪಿ.ಯು.ಸಿ.ಗೆ ಇಂಗ್ಲಿಷು ಬಂತು, ಬಾಯಿಪಾಠ ಮಾಡಿ ದಾಟಿದೆ. ಬಿ.ಎಸ್ಸಿ.ಗೆ ಲಿಮಿಟ್ ಬಂತು. ಒಂದು ಸಂಖ್ಯೆ ಇನ್ನೊಂದರ ಹತ್ತಿರ ಹತ್ತಿರ ಹೋಗುತ್ತದೆ, ಆದರೆ ಮುಟ್ಟುವುದಿಲ್ಲ ಎಂದು ನಮ್ಮ ಗಣಿತದ ಸರ್ ಹಲಗೆಯ ಮೇಲೆ ಬರೆದರು. ಮುಟ್ಟದೇ ಇದ್ದರೆ ಹೋಗುವುದಾದರೂ ಯಾಕೆ ಎಂಬಲ್ಲಿಗೇ ನನ್ನ ತಲೆ ನಿಂತುಬಿಟ್ಟಿತು. ಸರ್ ಕಿತ್ತೂರಿನವರು, ಮೆಲುಮಾತಿನ ಮನುಷ್ಯ, ಕೇಳಿದರೆ ಮತ್ತೊಮ್ಮೆ ಹೇಳುವವರೇ. ನಾನು ಕೇಳಲಿಲ್ಲ. ಕೇಳಬೇಕಾದರೆ ಇಂಗ್ಲಿಷಿನಲ್ಲಿ ಕೇಳಬೇಕು, ಕೇಳಿದ ಮೇಲೆ ಎಲ್ಲರೂ ತಿರುಗಿ ನೋಡುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ಹಲಗೆಯ ಮೇಲಿದ್ದದ್ದನ್ನೆಲ್ಲ ಅಂದವಾಗಿ ಇಳಿಸಿಕೊಂಡೆ. ವರ್ಷವಿಡೀ ನಾನು ಮಾಡಿದ ಗಣಿತ ಅಷ್ಟೇ.

ವಾರ್ಷಿಕ ಪರೀಕ್ಷೆಯಲ್ಲಿ ಕಡೆಯ ಪೇಪರು ಅದೇ. ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಹಾಲಿನಲ್ಲಿ ಒಂದು ಬಗೆಯ ನಿಟ್ಟುಸಿರು ಎದ್ದಿತು. ಕಠಿಣವಾಗಿತ್ತು, ಅದು ಸುಳ್ಳಲ್ಲ. ಮೊದಲಿಗನಾಗುತ್ತಿದ್ದ ರಾಮದುರ್ಗದ ಹುಡುಗನೂ, ನೇಯ್ಗೆಯವರ ಮನೆಯವನು, ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತಿದ್ದ. ಆಮೇಲೆ ಅವನು ಬರೆಯಲು ಬಗ್ಗಿದವನು ತಲೆ ಎತ್ತಲಿಲ್ಲ. ನಾನು ಪ್ರಶ್ನೆಗಳನ್ನು ಒಂದೊಂದಾಗಿ ಉತ್ತರಪತ್ರಿಕೆಯಲ್ಲಿ ಬರೆದುಕೊಂಡೆ. ಇಂಟಿಗ್ರಲ್ಲಿನ ಆ ಉದ್ದ ಕೊಕ್ಕೆಯ ಗುರುತನ್ನು ಬಹಳ ಚೆಂದ ಹಾಕಿದೆ. ಎರಡು ಲೆಕ್ಕಗಳಲ್ಲಿ ಮೂರು ನಾಲ್ಕು ಸಾಲು ಮುಂದೆ ಹೋದೆ, ಅಲ್ಲಿಂದ ದಾರಿ ಕಾಣಲಿಲ್ಲ. ಕೊನೆಗೆ ಕಾಗದ ತುಂಬಬೇಕೆಂದು ಸೂತ್ರಗಳನ್ನು ಬರೆದು ಕೆಳಗೆ ಗೆರೆ ಎಳೆದೆ. ಗಂಟೆ ಹೊಡೆದಾಗ ನನಗೆ ಗೊತ್ತಿತ್ತು. ನಪಾಸಾದವನಿಗೆ ರಿಸಲ್ಟ್ ಬರುವವರೆಗೆ ಕಾಯಬೇಕಾಗಿಲ್ಲ, ಗಂಟೆ ಹೊಡೆದಾಗಲೇ ಬಂದಿರುತ್ತದೆ.

ಹೊರಗೆ ಬೇವಿನ ಗಿಡದ ಕೆಳಗೆ ಗೋಳು ಶುರುವಾಗಿತ್ತು. ಆ ದಿನದ ಗೋಳಿನ ಮೂಲ C. ಇಂಟಿಗ್ರೇಷನ್ ಮಾಡಿದ ಮೇಲೆ ಉತ್ತರದ ಕೊನೆಗೆ ಒಂದು C ಕೂಡಿಸಬೇಕು, ಅದನ್ನು ಮರೆತರೆ ಅಂಕ ಕಡಿಯುತ್ತಾರೆಂದು ಸರ್ ವರ್ಷವಿಡೀ ಹೇಳಿದ್ದರು. "ನಾ ಎಲ್ಲಾದ್ರಾಗೂ C ಮರತೇನಿ, ಹೋತು ನಂದು" ಎಂದ ನೇಸರಗಿಯ ಹುಡುಗ. "ಬರೇ C ಏನಲೇ, ನಾ ಮೈನಸ್ಸೂ ಮರತೇನಿ" ಎಂದ ರಾಮದುರ್ಗದವನು. ಯಾರು ಎಷ್ಟು C ಮರೆತರು, ಒಂದೊಂದಕ್ಕೆ ಎಷ್ಟು ಕಡಿಯಬಹುದು, ಗ್ರೇಸ್ ಅಂಕ ಕೊಡುತ್ತಾರೋ ಇಲ್ಲವೋ ಎಂದು ಚಹಾದ ಅಂಗಡಿಯವರೆಗೆ ಇದೇ ಮಾತು. ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. C ಮರೆಯಬೇಕಾದರೆ ಮೊದಲು ಉತ್ತರ ಬಂದಿರಬೇಕು. ನನಗೆ ಆ ಭಾಗ್ಯವೂ ಇರಲಿಲ್ಲ. "ನಿಂದೇನಪಾ?" ಎಂದು ಯಾರೋ ಕೇಳಿದರು. "ನಂದೂ ಹೋಗೇದ" ಎಂದೆ. ಎಲ್ಲರೂ ನಕ್ಕು ತಲೆಯಾಡಿಸಿದರು. ಅಷ್ಟು ಜನರಲ್ಲಿ ನಿಜ ಹೇಳಿದವನು ನಾನೊಬ್ಬನೇ. ಮಾತು ಮಾತ್ರ ಎಲ್ಲರದೂ ಒಂದೇ ಆಗಿತ್ತು.

ಸಂಜೆ ಅಪ್ಪನ ಬಸ್ಸು ಹತ್ತಿದೆವು. ಮರುದಿನದಿಂದ ಸೂಟಿ, ಹುಡುಗರೆಲ್ಲ ಊರಿಗೆ ಹೊರಟಿದ್ದರು. ಟಿಕೆಟ್ ಹರಿಯುತ್ತ ಬಂದ ಅಪ್ಪ ಹುಡುಗರ ಸೀಟುಗಳ ಹತ್ತಿರ ನಿಂತ.

"ಏನ್ರಪಾ, ಎಲ್ಲಾರ ಮಾರಿ ಹಿಂಗ್ಯಾಕ ಆಗ್ಯಾವ?"

"ಕಾಕಾ, ಗಣಿತದ ಪೇಪರ್ ಕೊಂದು ಹಾಕೇತ್ರಿ. ಒಬ್ಬಾಂವನೂ ಪಾಸ್ ಆಗೂದಿಲ್ಲ" ಎಂದ ರಾಮದುರ್ಗದ ಹುಡುಗ.

"ನೀನೂನಾ?" ಅಪ್ಪ ಬೆರಗಾಗಿ ಕೇಳಿದ. ಅವನು ತರಗತಿಗೇ ಮೊದಲಿಗನೆಂಬುದು ಅಪ್ಪನಿಗೆ ಗೊತ್ತಿತ್ತು.

"ನಂದ ಮೊದಲ ಹೋಗೂದ್ರಿ, ಕಾಕಾ."

ಅಪ್ಪ ನನ್ನ ಕಡೆ ನೋಡಿದ. ನಾನು ಮತ್ತೆ ಅದನ್ನೇ ಹೇಳಿದೆ: "ನಂದೂ ಹೋಗೇದ, ಅಪ್ಪಾ. ಖರೇನ ಹೋಗೇದ." ಆ 'ಖರೇನ'ವನ್ನು ಎಲ್ಲರೂ ಹೇಳುತ್ತಿದ್ದರು. ನನ್ನ ಪಕ್ಕದವನು ದೇವರ ಆಣೆಯನ್ನೂ ಮಾಡಿದ್ದ.

ಈಗ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ: ಅಪ್ಪನ ಮುಖದಲ್ಲಿ ಆಗ ಒಂದು ನೆಮ್ಮದಿ ಕಂಡಿತು. ಮಗ ನಪಾಸಾದರೆ ಅವನು ಅಜ್ಜನ ಮುಂದೆ ತಲೆ ತಗ್ಗಿಸಬೇಕಿತ್ತು. ಎಲ್ಲರೂ ನಪಾಸಾದರೆ ತಪ್ಪು ಪೇಪರಿನದು. ಅಪ್ಪ ಸಿಟ್ಟಿಗೆದ್ದ. ಅದು ನನಗಾಗಿ ಅಲ್ಲ, ಎಲ್ಲ ಮಕ್ಕಳ ಪರವಾಗಿ ಎದ್ದ ಸಿಟ್ಟು. "ಹಳ್ಳಿ ಹುಡುಗೂರು, ಕಂದೀಲಿನ ಮುಂದ ಕೂತು ಓದ್ಯಾವ. ಇಂಥಾ ಪೇಪರ್ ತಗೀತಾರಂದ್ರ ಅವರಿಗೆ ಕರಳು ಬ್ಯಾಡೇನು?" ಎಂದು ಬಸ್ಸಿನ ನಡುವೆ ನಿಂತು ಕೇಳಿದ. ಮೆಣಸಿನಕಾಯಿಯ ಚೀಲ ಇಟ್ಟುಕೊಂಡಿದ್ದ ಮುದುಕನೊಬ್ಬ "ಹೌದ್ರೀ ಮತ್ತ" ಎಂದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಲ್ಲ ಕಾಕಾ, ಇದು ಹೀಗೆ ಹೇಳುವ ಪದ್ಧತಿ ಎಂದು ಯಾರು ಹೇಳಬೇಕು?

ಅಂದಿನಿಂದ ಅಪ್ಪನಿಗೆ ಅದೇ ಧ್ಯಾನ. ರಾಮದುರ್ಗದಲ್ಲಿ ಹತ್ತಿದವರಿಗೆ, ಮುನವಳ್ಳಿಯಲ್ಲಿ ಹತ್ತಿದವರಿಗೆ, ನವಿಲುತೀರ್ಥದ ಡ್ಯಾಮಿನ ಕೆಲಸಕ್ಕೆ ಹೋಗುವವರಿಗೆ, ಎಲ್ಲರಿಗೂ ಟಿಕೆಟ್ಟಿನ ಜೊತೆ ಈ ಅನ್ಯಾಯವನ್ನೂ ಹಂಚಿದ. ಕ್ಯಾಲ್ಕ್ಯುಲಸ್ ಎಂಬ ಶಬ್ದ ಅವನ ನಾಲಿಗೆಗೆ ಹೊರಳುತ್ತಿರಲಿಲ್ಲ, 'ದೊಡ್ಡ ಗಣಿತ' ಎನ್ನುತ್ತಿದ್ದ. ಸವದತ್ತಿಯಿಂದ ಬೈಲಹೊಂಗಲದವರೆಗೆ ಜೋಳದ ರಾಶಿಯ ಬಗ್ಗೆ ಮಾತಾಡಿದಷ್ಟೇ ಸಲೀಸಾಗಿ ಮಂದಿ ದೊಡ್ಡ ಗಣಿತದ ಬಗ್ಗೆ ಮಾತಾಡತೊಡಗಿದರು. ಮನೆಯಲ್ಲಿ ಅಜ್ಜನೂ "ಎಲ್ಲಾರೂ ಹೋಗ್ಯಾರಂದ ಮ್ಯಾಲೆ ಹುಡುಗಂದೇನು ತಪ್ಪು" ಎಂದುಬಿಟ್ಟ. ಆ ದಿನ ಅವ್ವ ನನಗೆ ಮೊಸರಿನ ಮೇಲೆ ಕೆನೆ ಹಾಕಿದಳು. ಸಮಾಧಾನದ ಕೆನೆ. ತಲೆ ತಗ್ಗಿಸಿ ತಿಂದೆ.

ಖೋಲಿಯಲ್ಲಿ ಬಿಟ್ಟು ಬಂದಿದ್ದ ಟ್ರಂಕು, ಹಾಸಿಗೆ ತರಲು ಕೆಲವು ದಿನ ಬಿಟ್ಟು ಬೈಲಹೊಂಗಲಕ್ಕೆ ಹೊರಟೆ. ಅಪ್ಪನದೇ ಬಸ್ಸು. ಊರು ಹತ್ತಿರ ಬಂತು, ನಾವು ದಿನಾ ನಡೆದಾಡುವ ರಸ್ತೆ ಬಂತು, ಕಾಲೇಜಿನ ಗೇಟು ಕಂಡಿತು. ಅಲ್ಲಿ ಸ್ಟಾಪು ಇರಲಿಲ್ಲ. ಅಪ್ಪ ಹಗ್ಗ ಎಳೆದು ಗಂಟೆ ಬಾರಿಸಿದ, "ಹೋಲ್ಡಾನ್" ಎಂದ. ಡ್ರೈವರ್ ಕಾಕಾ ತಿರುಗಿ ನೋಡಿ ನಿಲ್ಲಿಸಿದರು.

"ಐದ ಮಿನಿಟು" ಎಂದ ಅಪ್ಪ. "ಹುಡುಗೂರ ಪರವಾಗಿ ಒಂದು ಮಾತು ಹೇಳಿ ಬರ್ತೀನಿ."

ನಾನು ಎದ್ದು ಹೋಗಿ ಬಾಗಿಲ ಹತ್ತಿರ ಅವನ ತೋಳು ಹಿಡಿದೆ. "ಬ್ಯಾಡ ಅಪ್ಪಾ. ಯಾರಿಗೂ ಏನೂ ಹೇಳೂದು ಬ್ಯಾಡ."

"ನೀ ಸಂಕೋಚ ಮಾಡಿಕೋಬ್ಯಾಡ. ನಿಂದೊಬ್ಬಂದ ಕೇಳಲಿಕ್ಕೆ ಹೊಂಟಿಲ್ಲ ನಾ" ಎಂದು ಅಪ್ಪ ಇಳಿದೇಬಿಟ್ಟ. ಟಿಕೆಟ್ಟಿನ ಪೆಟ್ಟಿಗೆ ಒಂದು ಕೈಯಲ್ಲಿ, ಟಿಕೆಟ್ಟಿಗೆ ತೂತು ಹಾಕುವ ಪಂಚು ಇನ್ನೊಂದರಲ್ಲಿ, ಚರ್ಮದ ಚೀಲ ಸೊಂಟಕ್ಕೆ ಬಡಿಯುತ್ತಿತ್ತು. ನನಗೆ ಎರಡು ನಾಚಿಕೆಗಳು ಒಟ್ಟಿಗೆ ಬಂದವು, ಯಾವುದು ಮೊದಲು ಬಂತೆಂದು ಈಗಲೂ ಹೇಳಲಾರೆ. ಒಂದು, ಅಪ್ಪ ಸುಳ್ಳಿನ ಪರವಾಗಿ ಹೋಗುತ್ತಿದ್ದಾನೆ ಎಂಬುದು. ಇನ್ನೊಂದು, ಬೆವರಿನ ಖಾಕಿ ಅಂಗಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾನೆ ಎಂಬುದು. ಎರಡನೆಯದನ್ನು ನೆನೆದರೆ ಮೈ ಹೆಚ್ಚು ಉರಿಯುತ್ತದೆ.

ಬಸ್ಸಿನಲ್ಲಿ ಮಂದಿ ಕಾಯುತ್ತ ಕೂತರು. ಬಿಸಿಲು ಹೊರಗೆ ಧಗಧಗ ಎನ್ನುತ್ತಿತ್ತು. "ಯಾಕ ನಿಂತತಿ ಗಾಡಿ?" ಎಂದು ಮುದುಕಿಯೊಬ್ಬಳು ಕೇಳಿದಳು. "ದೊಡ್ಡ ಗಣಿತದ ಸಲುವಾಗಿ" ಎಂದು ಅವಳ ಪಕ್ಕದವನು ಗಂಭೀರವಾಗಿ ತಿಳಿಸಿದ. ಒಬ್ಬರೂ ಗೊಣಗಲಿಲ್ಲ. ಅದೇ ನನಗೆ ಸಹಿಸಲಾಗಲಿಲ್ಲ. ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತೇನೋ.

ಸ್ವಲ್ಪ ಹೊತ್ತಿನಲ್ಲಿ ಅಪ್ಪನನ್ನು ಕಳಿಸಲು ಗಣಿತದ ಸರ್ ತಾವೇ ಗೇಟಿನವರೆಗೆ ಬಂದರು. ಅವರ ಮಾತು ಕಿಟಕಿಯವರೆಗೆ ಕೇಳುತ್ತಿತ್ತು.

"ಪೇಪರ್ ಇಲ್ಲಿ ತಿದ್ದೂದಿಲ್ಲರೀ. ಅವು ಆಗಲೇ ಧಾರವಾಡಕ್ಕ, ಯುನಿವರ್ಸಿಟಿಗೆ ಹೋದವು. ಯಾರು ತಿದ್ದತಾರೋ ನನಗೂ ಗೊತ್ತಿರೂದಿಲ್ಲ."

"ನೀವು ಒಂದು ಮಾತು ಹೇಳಿದ್ರ ಆಗೂದಿಲ್ಲೇನ್ರೀ ಸರ? ಎಲ್ಲಾ ಹುಡುಗೂರು ಅಳಲಿಕ್ಕೆ ಹತ್ಯಾವ." ಅಪ್ಪ ಪಂಚು ಹಿಡಿದ ಕೈಯಿಂದಲೇ ಕೈ ಮುಗಿದ.

ಸರ್ ಮೆಲ್ಲಗೆ ನಕ್ಕರು. ಹುಡುಗರ ಅಳುವಿನ ಬೆಲೆ ಅವರಿಗೆ ಗೊತ್ತಿತ್ತು. "ಹುಡುಗೂರು ಹಂಗ ಅಂತಾರ, ನೀವು ಚಿಂತಿ ಮಾಡಬ್ಯಾಡ್ರಿ. ಬಹಳ ಮಂದಿ ಪಾಸ್ ಆಗ್ತಾರ. ನಿಮ್ಮ ಹುಡುಗ ಯಾರ್ರೀ?"

ಅಪ್ಪ ಹೆಮ್ಮೆಯಿಂದ ನನ್ನ ಕಿಟಕಿಯ ಕಡೆ ಬೆರಳು ತೋರಿಸಿದ. ನಾನು ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿದೆ, ಆದರೆ ತಡವಾಯಿತು. ಸರ್ ನೋಡಿದರು. ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಕೂತು ಒಂದೂ ಪ್ರಶ್ನೆ ಕೇಳದವನನ್ನು ಅವರು ಗುರುತಿಸಿದರು. ಅವರ ನಗು ನಿಂತಿತು. "ರಿಸಲ್ಟ್ ಬರೂತನಾ ಏನೂ ಹೇಳಲಿಕ್ಕೆ ಬರೂದಿಲ್ಲ ಬಿಡ್ರಿ" ಎಂದು ಅಪ್ಪನ ಭುಜ ಮುಟ್ಟಿ ಒಳಗೆ ಹೋದರು.

ಅಪ್ಪ ಬಸ್ಸು ಹತ್ತಿದಾಗ ಮಂದಿ ಅವನಿಗೆ ದಾರಿ ಬಿಟ್ಟರು. "ಹೇಳೀನಿ" ಎಂದ ಅಪ್ಪ ಎಲ್ಲರಿಗೂ ಕೇಳುವ ಹಾಗೆ. "ಬಹಳ ಮಂದಿ ಪಾಸ್ ಆಗ್ತಾರ ಅಂದಾರ." ಅವನು ಸರ್ ಅಂದದ್ದನ್ನೇ ಹೇಳಿದ್ದ, ಒಂದಕ್ಷರ ಹೆಚ್ಚಿಸಿರಲಿಲ್ಲ. ಆದರೆ ಬಸ್ಸಿನ ಮಂದಿ ಅದನ್ನು ಬೇರೆ ಥರ ಕೇಳಿಸಿಕೊಂಡರು. ಕಂಡಕ್ಟರ್ ಸಾಹೇಬರು ಹೋಗಿ ಮಾತಾಡಿದ್ದಕ್ಕೆ ಕಾಲೇಜಿನವರು ಒಪ್ಪಿಕೊಂಡರು ಎಂದು ಸುದ್ದಿ ಸಂಜೆಯೊಳಗೆ ರಾಮದುರ್ಗ ಮುಟ್ಟಿತು.

ಜೂನಿನಲ್ಲಿ ರಿಸಲ್ಟ್ ಬಂತು. ಕಾಲೇಜಿನ ಹಲಗೆಯ ಮುಂದೆ ನೂಕುನುಗ್ಗಲು. ನನ್ನ ನಂಬರು ಎಲ್ಲಿ ಇರಬೇಕೋ ಅಲ್ಲಿ ಇರಲಿಲ್ಲ ಎಂದು ಸುತ್ತಿ ಬಳಸಿ ಹೇಳುವುದು ಬೇಡ. ಬೇರೆ ವಿಷಯಗಳಲ್ಲಿ ಪಾಸಾಗಿ ಗಣಿತದಲ್ಲಿ ಬಿದ್ದಿದ್ದೆ. ನಮ್ಮ ಬಸ್ಸಿನ ಬೇರೆ ಹುಡುಗರೆಲ್ಲ ದಾಟಿದ್ದರು. ರಾಮದುರ್ಗದವನು ಮೊದಲಿಗ. C ಮರೆತವರೂ, ಮೈನಸ್ ಮರೆತವರೂ, ದೇವರ ಆಣೆ ಮಾಡಿದವರೂ ಎಲ್ಲರೂ ಪಾಸು. ಅವರು ಕುಣಿಯುತ್ತ ಬಸ್ ಸ್ಟ್ಯಾಂಡಿಗೆ ಓಡಿದರು, ನಾನು ಹಿಂದೆ ಉಳಿದು ಬಸ್ಸಿನ ಕಡೆಯ ಸೀಟು ಹಿಡಿದೆ. "ಕಾಕಾ, ಎಲ್ಲಾರೂ ಪಾಸ್!" ಎಂದು ಅವರು ಬಾಗಿಲಲ್ಲೇ ಕೂಗಿದರು. ಅಪ್ಪ ಮೈಯೆಲ್ಲ ಹಿಗ್ಗಿ ನಕ್ಕ. ಗಂಟೆಯ ಹಗ್ಗವನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆದ.

ಟಿಕೆಟ್ ಹರಿಯುತ್ತ, ಹುಡುಗರ ಬೆನ್ನು ತಟ್ಟುತ್ತ ಅವನು ಒಂದೊಂದೇ ಸೀಟು ದಾಟಿ ನನ್ನತ್ತ ಬರತೊಡಗಿದ. ನಾನು ಅವನ ಬೂಟು ನೋಡುತ್ತ ಕೂತಿದ್ದೆ. ಬೂಟು ನನ್ನ ಎದುರಿಗೆ ನಿಂತಿತು.

"ನಂದೊಂದು ಬಿಟ್ಟು, ಅಪ್ಪಾ" ಎಂದೆ.

ಅವನು ಮೇಲಿನ ಸರಳು ಹಿಡಿದು ನಿಂತಿದ್ದ. ಬಸ್ಸು ತಗ್ಗಿನಲ್ಲಿ ಇಳಿದು ಎದ್ದಿತು. "ಅಂದ್ರ ಅವರು ಅಂದದ್ದೆಲ್ಲಾ?" ಎಂದು ಮುಂದಿನ ಸೀಟುಗಳಲ್ಲಿ ಹಾಡುತ್ತಿದ್ದ ಹುಡುಗರ ಕಡೆ ನೋಡಿದ. ಆಮೇಲೆ ನನ್ನ ಪಕ್ಕದವನನ್ನು "ನಿಮಗೆಲ್ಲಿಗ್ರೀ?" ಎಂದು ಕೇಳಿದ.

ಬೈಸಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಿಜವಾದ ಶಿಕ್ಷೆ ಆಮೇಲೆ ಶುರುವಾಯಿತು. ಹುಡುಗರು ಪಾಸಾದದ್ದು ಅಪ್ಪ ಬಸ್ಸು ನಿಲ್ಲಿಸಿ ಕೇಳಿಕೊಂಡದ್ದರಿಂದಲೇ ಎಂದು ಊರೂರಿನ ತಾಯಂದಿರು ಗಟ್ಟಿಯಾಗಿ ನಂಬಿದ್ದರು. ಒಂದು ಸ್ಟಾಪಿನಲ್ಲಿ ಶೇಂಗಾ ಹೋಳಿಗೆ, ಇನ್ನೊಂದರಲ್ಲಿ ಬೇಸನ್ ಉಂಡಿ, ರಾಮದುರ್ಗದವನ ಅವ್ವ ಮಗನ ಜೊತೆ ಬಂದು ಡಬ್ಬಿ ತುಂಬ ಚಕ್ಕುಲಿ ಕೊಟ್ಟು ಅಪ್ಪನ ಕಾಲಿಗೆ ಬಗ್ಗಿದಳಂತೆ. "ನನ್ನಿಂದ ಏನೂ ಆಗಿಲ್ಲವ್ವಾ, ನಿನ್ನ ಮಗ ಓದ್ಯಾನ" ಎಂದು ಅಪ್ಪ ಎಷ್ಟು ಹೇಳಿದರೂ ಅದು ಅವನ ದೊಡ್ಡತನವೆಂದೇ ಆಯಿತು. ಸುಳ್ಳು ನಂಬಿದವನು ಈಗ ನಿಜ ಹೇಳುತ್ತಿದ್ದ, ಅದನ್ನು ಯಾರೂ ನಂಬಲಿಲ್ಲ.

ಅವೆಲ್ಲ ನಮ್ಮ ಮನೆಗೆ ಬಂದವು. ಅಪ್ಪ ಚೀಲ ಇಳಿಸಿ, ಡಬ್ಬಿಗಳನ್ನು ನೆಲದ ಮೇಲಿಟ್ಟು, ಕೈಕಾಲು ತೊಳೆಯಲು ಹೋಗುತ್ತಿದ್ದ. ಅಜ್ಜ ಒಂದು ಉಂಡಿ ಕೈಗೆತ್ತಿಕೊಂಡು "ಯಾರ ಮನೀದು?" ಎಂದು ಕೇಳಿದ. "ಪಾಸಾದ ಹುಡುಗೂರ ಮನೀದು" ಎಂದಳು ಅವ್ವ, ತಲೆ ಎತ್ತದೆ. ಅಜ್ಜ ನನ್ನನ್ನೊಮ್ಮೆ ನೋಡಿ ಉಂಡಿಯನ್ನು ತಿರುಗಿ ಡಬ್ಬಿಯಲ್ಲಿಟ್ಟ. ಒಂದು ಬೈಗುಳವಿಲ್ಲ, ಗುಡಿಯ ಪೂಜೆಗಾದರೂ ಬಾ ಎಂಬ ಚುಚ್ಚುಮಾತೂ ಇಲ್ಲ. ಆ ಉಂಡಿಗಳು ಕೊನೆಗೆ ಇರುವೆ ಹತ್ತಿ ಹೋದವು.

ಗಣಿತ ಕಲಿಯಲು ನಾನು ರಾಮದುರ್ಗದ ಹುಡುಗನನ್ನೇ ಹಿಡಿದೆ. ಶನಿವಾರ ನಾನು ಬೈಲಹೊಂಗಲಕ್ಕೆ ಹೋಗಿ, ಅವನು ಊರಿಗೆ ಹೊರಟಾಗ ಕಡೆಯ ಸೀಟಿನಲ್ಲಿ ಜೊತೆಗೆ ಕೂತು, ಸವದತ್ತಿಯಲ್ಲಿ ಇಳಿಯದೆ ರಾಮದುರ್ಗದವರೆಗೂ ಹೋಗಿ ಅದೇ ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆ. ಲಿಮಿಟ್ ಎಂದರೆ ಏನೆಂದು ಅವನು ಕನ್ನಡದಲ್ಲಿ ಹೇಳಿದ, ತಿಳಿಯಿತು. ಒಂದು ದಿನ ಲೆಕ್ಕದ ನಡುವೆ ಪೆನ್ಸಿಲು ನಿಲ್ಲಿಸಿ, "ಅವತ್ತ ನೀನೂ ನಮ್ಮಂಗ ಅಂತೀ ಅಂತ ತಿಳದಿದ್ನೋ. ಖರೇ ಅಂತ ಗೊತ್ತಿದ್ರ ಕಾಕಾಗ ಹಂಗ ಹೇಳ್ತಿದ್ದಿಲ್ಲ" ಎಂದ. ಅವನಿಗೂ ನಾಚಿಕೆಯಾಗಿತ್ತು. ಅದನ್ನು ಹಂಚಿಕೊಂಡರೂ ನನ್ನ ಪಾಲು ಕಡಿಮೆಯಾಗಲಿಲ್ಲ.

ಅಂಥ ಒಂದು ಶನಿವಾರವೇ ಮುನವಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು ಹತ್ತಿದಳು. ಅವಳ ತಮ್ಮನೂ ನಮ್ಮ ತರಗತಿಯವನೇ. ಅಪ್ಪನನ್ನು ಹರಸಿ, ಹೊಗಳಿ, ಕೊನೆಗೆ ಕೇಳಿದಳು: "ಎಲ್ಲಾರ ಹುಡುಗೂರನ್ನ ದಾಟಿಸಿದ್ರಿ. ನಿಮ್ಮ ಹುಡುಗಂದು ಏನಾತ್ರೀ?"

ನಾನು ಹಿಂದೆಯೇ ಕೂತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಅವನು ನಾಲಿಗೆಯಿಂದ ಬೆರಳು ಒದ್ದೆ ಮಾಡಿಕೊಂಡು ಟಿಕೆಟ್ ಹರಿದ. "ನಮ್ಮಂವಂದು ಅಕ್ಟೋಬರದಾಗ ಅದವ್ವಾ" ಎಂದ.

ನಪಾಸಾದವರು ಅಕ್ಟೋಬರಿನಲ್ಲಿ ಮತ್ತೆ ಕೂರುತ್ತಾರೆಂಬುದು ಅವಳಿಗೆ ತಿಳಿಯದು. "ಹಂಗಂದ್ರ ಅದು ಇದಕಿಂತ ದೊಡ್ಡ ಪರೀಕ್ಷಾ ಇರಬೇಕ್ರಿ" ಎಂದಳು.

ಅಪ್ಪ ಪಂಚನ್ನು ಕೈಯಲ್ಲಿ ತಿರುಗಿಸಿದ. "ಹೌದವ್ವಾ. ನಮಗ ದೊಡ್ಡದ."

ಅಕ್ಟೋಬರ್ ಬಂತು. ಪೇಪರು ಈ ಸಲವೂ ಹಗುರವಿರಲಿಲ್ಲ, ಆದರೆ ನಾನು ಬರೆದೆ. ಎಲ್ಲ ಉತ್ತರಗಳೂ ಕೊನೆ ಮುಟ್ಟಿದವು, ಪ್ರತಿಯೊಂದು ಇಂಟಿಗ್ರಲ್ಲಿನ ಬಾಲಕ್ಕೂ C ಹಾಕಿದೆ. ಹೊರಗೆ ಬೇವಿನ ಗಿಡದ ಕೆಳಗೆ ನನ್ನಂಥ ಅಕ್ಟೋಬರಿನವರು ಮತ್ತೆ ತಲೆಯ ಮೇಲೆ ಕೈ ಹೊತ್ತಿದ್ದರು. "ಹೋತಲೇ, ಈ ಸಲಾನೂ ಹೋತು." ನಾನು ಅಲ್ಲಿ ನಿಲ್ಲದೆ ನೇರವಾಗಿ ಬಸ್ ಸ್ಟ್ಯಾಂಡಿಗೆ ನಡೆದೆ. ಅಪ್ಪ ಬಾಗಿಲ ಹತ್ತಿರವೇ ನಿಂತಿದ್ದ.

"ಹೆಂಗಾತು?"

ದೃಷ್ಟಿಯಾದರೆ ಆಗಲಿ ಎಂದುಕೊಂಡೆ. "ಚಲೋ ಆಗೇದ, ಅಪ್ಪಾ. ಪಾಸಾಗ್ತೀನಿ."

ಆ ದಾರಿಯಲ್ಲಿ ಯಾವ ಹುಡುಗನೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪನ ಮುಖ ಅರಳುತ್ತದೆಂದು ಕಾದೆ. ಮೊದಲಿನ ಅಪ್ಪನಾಗಿದ್ದರೆ ಆಗಲೇ ಬಸ್ಸಿಗೆಲ್ಲ ಕೂಗಿ ಹೇಳುತ್ತಿದ್ದ. ಅವನು ನನ್ನ ಕಣ್ಣನ್ನೇ ನೋಡಿದ, ಹುಡುಕುವವನ ಹಾಗೆ ನೋಡಿದ. "ರಿಸಲ್ಟ್ ಬರಲಿ, ತಡಿ" ಎಂದು ಒಳಗೆ ಹೋದ.

ನಾನು ನಿಜವನ್ನೇ ಹೇಳಿದ್ದೆ. ಪಾಸಾದೆ ಕೂಡ, ಅದು ಆಮೇಲಿನ ಮಾತು. ಆ ಸಂಜೆ ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಬೈಲಹೊಂಗಲ ದಾಟಿ ಒಂದು ಹಳ್ಳಿಯ ಸ್ಟಾಪಿನಲ್ಲಿ ಬಡಕಲು ಹೆಂಗಸೊಬ್ಬಳು ಮಗನನ್ನು ಸೊಂಟದ ಮೇಲೆ ಕೂಡಿಸಿಕೊಂಡು ಹತ್ತಿದಳು. ಒಂದು ಟಿಕೆಟ್ಟಿನ ಹಣ ಕೊಟ್ಟು ಕೈ ಚಾಚಿದಳು.

"ಹುಡುಗಗ ಎಷ್ಟು ವರ್ಷ?" ಎಂದು ಕೇಳಿದ ಅಪ್ಪ.

"ಇನ್ನಾ ಮೂರು ತುಂಬಿಲ್ಲರಿ."

ಅಪ್ಪ ಎಂದಿನಂತೆ ತಲೆಯಾಡಿಸಲಿಲ್ಲ. ಹುಡುಗನ ಮುಖ ನೋಡಿದ, ಕಾಲು ನೋಡಿದ. "ಸ್ವಲ್ಪ ಕೆಳಗ ಇಳಿಸವ್ವಾ, ನಿಲ್ಲಿಸು ನೋಡೂಣು" ಎಂದ. ಅವಳು ತಬ್ಬಿಬ್ಬಾಗಿ ಇಳಿಸಿದಳು. ಹುಡುಗ ಸೀಟಿನ ಸರಳು ಹಿಡಿದು ನಿಂತ. ಅವನು ಹೆಚ್ಚೇನೂ ಎತ್ತರವಿರಲಿಲ್ಲ, ಮೂರು ತುಂಬಿರಬಹುದು, ತುಂಬಿರದೆಯೂ ಇರಬಹುದು. ಅಪ್ಪ ಇನ್ನೇನೂ ಕೇಳದೆ ಅವಳ ಟಿಕೆಟ್ಟಿನ ಜೊತೆ ಹುಡುಗನಿಗೂ ಅರ್ಧ ಟಿಕೆಟ್ ಹರಿದು, ಪಂಚು ಒತ್ತಿ, ಅವಳ ಕೈಗೆ ಕೊಟ್ಟು, ಅರ್ಧದ ಹಣಕ್ಕೆ ಕೈ ಚಾಚಿದ.